ಲಂಡನ್ನಿನ ಒಲೆ, ಕೀಲ್ಪಾಕಿನ ಕಾವಲಿ

ಚೆನ್ನೈಗೆ ಬಂದು ಆರು ವರ್ಷವಾಗಿದ್ದರೂ ರವಿಕಿರಣನಿಗೆ ಬಾಯಿತುಂಬ ಕನ್ನಡ ಆಡಲು ಸಿಕ್ಕ ಜಾಗ ಒಂದೇ, ಕೀಲ್ಪಾಕಿನ ಉಡುಪಿ ಹೋಟೆಲಿನ ಅಡುಗೆಮನೆ. ಕಾಲೇಜಿನಲ್ಲಿ ಇಂಗ್ಲೆಂಡಿನ ಆರ್ಥಿಕ ಚರಿತ್ರೆ ಹೇಳಿಕೊಡುವ ಈ ಮಂಡ್ಯದವನಿಗೆ ಊರೆಲ್ಲ 'ಸಾರ್' ಅನ್ನುತ್ತಿತ್ತು. ದೋಸೆ ಹುಯ್ಯುವ ರಾಮದಾಸ ಮಾತ್ರ 'ಮಾಷ್ಟ್ರೇ' ಅನ್ನುತ್ತಿದ್ದ.

"ಸಾರ್ ಅಂದ್ರೆ ಹೊರಗೆ ಮೇಜಲ್ಲಿ ಕೂತ್ಕೊಳ್ಳುವ ಗಿರಾಕಿ. ನೀವು ಒಳಗೆ ಬರುವವರಲ್ವಾ?" ಎಂದಿದ್ದ ಒಮ್ಮೆ. ಆ ಮಾತಿಗೆ ರವಿಕಿರಣ ವಾರವಿಡೀ ಉಬ್ಬಿದ್ದ.

ಎರಡು ಸಾವಿರದ ಮೂರನೆಯ ಇಸವಿಯಲ್ಲಿ ನಂದಿತಾ ಎಂಬ ವಿದ್ಯಾರ್ಥಿನಿ ಅವನನ್ನು ತರಗತಿಯಲ್ಲೇ ಕಟ್ಟಿಹಾಕಿದಳು. ನಾನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಸೌದೆ ದುಬಾರಿಯಾಯಿತು, ಕಲ್ಲಿದ್ದಲು ಅಗ್ಗವಾಗಿ ಸಿಕ್ಕಿತು, ದೇಶ ಬೆಳೆಯಿತು ಎಂದು ಅವನು ಗಿಳಿಪಾಠ ಒಪ್ಪಿಸುತ್ತಿದ್ದ. "ಅಗ್ಗವಾದರೆ ಸಾಕಾ ಸಾರ್? ಸೌದೆಯ ಒಲೆಗೆ ಕಲ್ಲಿದ್ದಲು ಹಾಕಿದರೆ ಮನೆ ತುಂಬ ಹೊಗೆಯಲ್ಲವಾ?" ಎಂದಳು. ಮೇಷ್ಟ್ರಿಗೆ ಆ ಕ್ಷಣವೇ ಕೆಮ್ಮು ಬಂತು.

ಸಂಜೆ ಅದನ್ನು ರಾಮದಾಸನ ಮುಂದೆ ತೋಡಿಕೊಂಡ. ರಾಮದಾಸ ಹಿಟ್ಟಿನ ಸೌಟು ಕೆಳಗಿಟ್ಟ.

"ನಮ್ಮಲ್ಲಿ ಕಟ್ಟಿಗೆ ಹೋಗಿ ಗ್ಯಾಸ್ ಬಂದಾಗ ಏನಾಯ್ತು ಗೊತ್ತುಂಟಾ? ಹಳೇ ಕಾವಲಿಯಲ್ಲಿ ದೋಸೆಯ ನಡು ಕರಟಿ ಅಂಚು ಹಸಿ ಉಳೀತು. ಬೆಂಕಿ ಬದಲಾದ್ರೆ ಸಾಕಾ ಮಾಷ್ಟ್ರೇ? ಒಲೆ ಬದಲಾಗ್ಬೇಕು, ಕಾವಲಿ ದಪ್ಪ ಆಗ್ಬೇಕು, ಕೈ ಹೊಸತು ಕಲೀಬೇಕು. ನಾನು ಪಕ್ಕದ ಹೋಟೆಲಿನ ಒಲೆ ನೋಡಿ ಬಂದೆ. ಅವ ನನ್ನ ಕಾವಲಿ ನೋಡಿ ಹೋದ. ಹಾಗೆ ನೋಡಿ ನೋಡಿಯೇ ಇಡೀ ಬೀದಿ ಕಲ್ತದ್ದು."

ರವಿಕಿರಣನ ಮೈ ಜುಮ್ಮೆಂದಿತು. ಪುಸ್ತಕಗಳನ್ನು ಮತ್ತೆ ತಿರುವಿದ. ಬೆಳೆಯುತ್ತಿದ್ದ ಲಂಡನ್ನಿನಲ್ಲಿ ಸಾವಿರಾರು ಹೊಸ ಮನೆ ಎದ್ದಿದ್ದವು. ಕಲ್ಲಿದ್ದಲಿನ ಹೊಗೆ ಮೇಲೇರಿ ಹೋಗಲೆಂದು ಒಬ್ಬ ಮೇಸ್ತ್ರಿ ಚಿಮಣಿ ಕಿರಿದು ಮಾಡಿದ್ದನ್ನು ಇನ್ನೊಬ್ಬ ನೋಡಿ ಕಟ್ಟಿದ್ದ. ಅಗ್ಗದ ಬೆಂಕಿಗೆ ಮನೆಯೇ ಒಗ್ಗಿಕೊಂಡಿತ್ತು. ಒಂದೇ ತಿಂಗಳಲ್ಲಿ ಪ್ರಬಂಧ ಸಿದ್ಧವಾಯಿತು, ಕಾಲೇಜಿನ ವಿಚಾರ ಸಂಕಿರಣದಲ್ಲಿ ಓದುವುದೆಂದೂ ಆಯಿತು. ತಿಂಡಿಯನ್ನು ರಾಮದಾಸನ ಹೋಟೆಲಿಗೇ ಹೇಳಿಸಿದ.

"ನೀವೂ ಬಂದು ಕೂತ್ಕೊಳಿ. ಎಲ್ಲರ ಮುಂದೆ ನಿಮ್ಮ ಹೆಸರು ಹೇಳ್ತೀನಿ."

"ನನಗೆ ಇಂಗ್ಲಿಷ್ ಎಲ್ಲಿ ಬರ್ತದೆ? ಹೆಸ್ರು ಬಂದ್ರೆ ಮಾತ್ರ ಗೊತ್ತಾದೀತು," ಎಂದು ರಾಮದಾಸ ನಕ್ಕ.

ಆ ದಿನ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದ. ದೋಸೆ, ಕಾವಲಿ ಎಂಬ ಮಾತು ಬಂದಾಗಲೆಲ್ಲ ಬೆನ್ನು ನೆಟ್ಟಗೆ ಮಾಡುತ್ತಿದ್ದ. ಹೆಸರು ಕೊನೆಯ ಹಾಳೆಯಲ್ಲಿತ್ತು. ಅಲ್ಲಿಗೆ ತಲುಪುವ ಮೊದಲೇ, ಅಧ್ಯಕ್ಷತೆ ವಹಿಸಿದ್ದ ಹಿರಿಯ ಪ್ರಾಧ್ಯಾಪಕರು ಕೈಯೆತ್ತಿದರು. ಇಷ್ಟು ಸ್ವಂತವಾದ ಯೋಚನೆಯನ್ನು ಈ ಕಾಲೇಜಿನಲ್ಲಿ ತಾವು ಕೇಳಿರಲಿಲ್ಲ, ಇದು ಹೊಳೆದದ್ದು ಹೇಗೆ ಎಂದರು. ಸಭೆ ಚಪ್ಪಾಳೆ ತಟ್ಟಿತು.

ಇಂಗ್ಲೆಂಡ್ ಬೆಳೆದದ್ದು ಏಕೆಂದು ತನಗೆ ಕಲಿಸಿದವನು ದೋಸೆ ಭಟ್ಟ ಎಂದು ಆ ಕೋಟು ತೊಟ್ಟವರೆದುರು ಹೇಳಲು ರವಿಕಿರಣನ ನಾಲಿಗೆ ಏಳಲಿಲ್ಲ.

"ನನ್ನದೇ ಅವಲೋಕನ. ಒಂದು ಹೋಟೆಲಿನಲ್ಲಿ ಕೂತು ಗಮನಿಸಿದ್ದು," ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟ. ಕೊನೆಯ ಹಾಳೆಯನ್ನು ಓದದೆ ಮಡಚಿದ.

ಮಂಡ್ಯದ ಸರ್ಕಾರಿ ಶಾಲೆಯಿಂದ ಬಂದವನೆಂದು ಇದೇ ಜನ ತನ್ನ ಇಂಗ್ಲಿಷ್ ಕೇಳಿ ಮುಸಿಮುಸಿ ನಕ್ಕಿದ್ದು ಅವನಿಗೆ ನೆನಪಿತ್ತು. ಆ ನಗುವಿಗೆ ಹೆದರಿ ಸ್ನೇಹಿತನನ್ನೇ ನುಂಗಿಕೊಂಡಿದ್ದ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕನ್ನಡ ಬಾರದವರ ನಡುವೆ ಇಂಗ್ಲಿಷ್ ಬಾರದವನಿಗೆ ಇದು ತಿಳಿದಿರಲಾರದು ಎಂದು ಸಮಾಧಾನ ಮಾಡಿಕೊಂಡ. ಹಾಗೆ ಮಾಡಿಕೊಂಡಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ತಿಂಡಿಯ ಹೊತ್ತಿಗೆ ರಾಮದಾಸ ಬಿಳಿ ಅಂಗಿಯ ತೋಳು ಮಡಚಿ ಕಾಫಿ ಬಗ್ಗಿಸುತ್ತಿದ್ದ. ರವಿಕಿರಣ ಎದುರು ಬಂದು ನಿಂತಾಗ ತಲೆಯೆತ್ತಿದ.

"ನನ್ನ ಹೆಸ್ರು ಬಂತಾ ಮಾಷ್ಟ್ರೇ? ಕಿವಿಗೊಟ್ಟೇ ಕೂತಿದ್ದೆ. ಎಲ್ಲೋ ತಪ್ಪಿಹೋಯ್ತು ಕಾಣ್ತದೆ."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಪಕ್ಕದಲ್ಲೇ ಅಧ್ಯಕ್ಷರು ವಡೆ ತಿನ್ನುತ್ತಿದ್ದರು.

"ಬಂತಲ್ಲ, ಬಂತು," ಎಂದ ರವಿಕಿರಣ.

ರಾಮದಾಸ ಅವನ ಮುಖವನ್ನೇ ನೋಡಿದ. ಆಮೇಲೆ ಲೋಟ ತುಂಬಿಸಿ, ಗಿರಾಕಿಗಳಿಗೆ ಕೊಡುವಂತೆ ಎರಡೂ ಕೈಯಲ್ಲಿ ಮುಂದೆ ಹಿಡಿದ.

"ಕಾಫಿ ತಗೊಳ್ಳಿ, ಸಾರ್."