ಕೊನೆಯ ಪುಟದ ಇಪ್ಪತ್ತೆರಡು ಹೆಸರು

ಇಳಕಲ್ಲಿನ ಕೆಂಪು ಕಲ್ಲು ಕೊಯ್ಯುವವರ ಎದೆಯಲ್ಲಿ ಎಷ್ಟು ಧೂಳು ಕೂತಿದೆ ಎಂದು ಸಂಶೋಧಕಿ ಶೀಲಾ ಮೂರು ವರ್ಷ ನೋಡಿದಳು. ನವನಗರದಿಂದ ಬಸ್ಸು ಹತ್ತಿ ಹೋಗಿ, ಒಂದೇ ಕಾರ್ಖಾನೆಯ ಇಪ್ಪತ್ಮೂರು ಮಂದಿಗೆ ಎಕ್ಸ್‌ರೇ ತೆಗೆಸಿ, ಪ್ರಬಂಧ ಬರೆದಳು.

"ದೊಡ್ಡ ಪತ್ರಿಕೆಗೆ ಕೊಡವಾ. ರೊಕ್ಕ ಕೊಟ್ಟಾವ್ರು ಓದ್ತಾರ, ನಿನಗೇನು?" ಎಂದರು ಆಕೆಯ ಗೈಡು. ಶೀಲಾ ಕೇಳಬೇಕಲ್ಲ! ಯಾರ ಎದೆಯ ಸುದ್ದಿಯೋ ಅವರಿಗೇ ಬೀಗ ಹಾಕುವುದೇ ಎಂದು ಜಗಳವಾಡಿ, ಯಾರು ಬೇಕಾದರೂ ಪುಕ್ಕಟೆ ಓದುವಂಥ ಮುಕ್ತ ಪತ್ರಿಕೆಗೇ ಕಳಿಸಿದಳು. ಪುಕ್ಕಟೆ ಎಂದರೆ ಕಾರ್ಖಾನೆಯ ಮಾಲಕನಿಗೂ ಪುಕ್ಕಟೆ ಎಂಬುದು ಪುಣ್ಯಾತ್ಗಿತ್ತಿಗೆ ಹೊಳೆಯಲೇ ಇಲ್ಲ.

ಪ್ರಬಂಧದ ಒಳಗೆ ಎಲ್ಲರಿಗೂ ಬರೀ ನಂಬರು ಕೊಟ್ಟಿದ್ದಳು, ಅಷ್ಟು ಬುದ್ಧಿ ಇತ್ತು. ಕೊನೆಯ ಪುಟದಲ್ಲಿ ಉಪಕಾರ ನೆನೆಯುವಾಗ ಮಾತ್ರ ನಮ್ಮ ಕಡೆಯ ಲಗ್ನಪತ್ರಿಕೆಯ ಚಟ ಮೈಮೇಲೆ ಬಂತು. ಒಂದು ಹೆಸರು ಬಿಟ್ಟರೆ ಆ ಮನೆಯವರು ಅಕ್ಕಿಕಾಳು ಹಾಕಲೂ ಬರುವುದಿಲ್ಲ ನೋಡಿ! ಕಲ್ಲು ಕೊಯ್ಯುವ ಮುನಾಫ ಬೇರೆ, "ನಮ್ಮ ಹೆಸರ ಬಿಡಬ್ಯಾಡ್ರಿ ಮೇಡಮ್ಮರ, ಎಲ್ಲೂ ಅಚ್ಚಾಗಿಲ್ಲ," ಎಂದಿದ್ದ. ಅಡ್ಡಹೆಸರು ಸಮೇತ ಇಪ್ಪತ್ತೆರಡು ಮಂದಿಯ ಹೆಸರು ಬರೆದಳು. ಇಪ್ಪತ್ಮೂರನೆಯವ ಬಸಯ್ಯನದೊಂದು ಕೈತಪ್ಪಿಹೋಯಿತು. ಅವನು ಮುನಿಸಿಕೊಂಡ, ಈಕೆ ಫೋನಿನಲ್ಲೇ ಕ್ಷಮೆ ಕೇಳಿದಳು.

ಪ್ರಬಂಧ ಅಚ್ಚಾದ ಹದಿನಾರು ದಿನಕ್ಕೆ ಮುನಾಫನ ಫೋನು ಬಂತು.

"ಮ್ಯಾನೇಜರ್ ನಮ್ಮ ಹೆಸರಿದ್ದ ಆ ಕಡೀ ಪಾನ ಹಿಡ್ಕೊಂಡು ಗೇಟಿನ್ಯಾಗ ನಿಂತಿದ್ದನ್ರಿ. ಹಾಜರಿ ಕೂಗಿದಂಗ ಕೂಗಿದ. ಎದಿ ಕೆಟ್ಟೈತಿ ಅಂದ್ರ ಮನ್ಯಾಗ ಕುಂಡ್ರಿ ಅಂದ. ಬ್ಯಾರೆ ಕಡೆ ಕೆಲಸಾ ಕೇಳಾಕ ಹ್ವಾದ್ರ ಅವರ ಫೋನಿನ್ಯಾಗೂ ಅದ ಪಾನ ಐತ್ರಿ."

ಶೀಲಾ ಆ ಹೊತ್ತಿಗೇ ಕಂಪ್ಯೂಟರಿನ ಮುಂದೆ ಕೂತಳು. ಹೆಸರು ತೆಗೆಯಿರೆಂದು ಪತ್ರಿಕೆಯವರಿಗೆ ಅಂಗಲಾಚಿ ಬರೆದಳು. ತಿದ್ದಿದ ಪ್ರತಿ ಹಾಕುತ್ತೇವೆ, ಆದರೆ ಮೊದಲಿನದನ್ನು ಇಳಿಸಿಕೊಂಡವರಿಂದ ವಾಪಸು ಪಡೆಯಲಾಗದು, ಯಾರು ಬೇಕಾದರೂ ಹಂಚಬಹುದೆಂದು ನೀವೇ ಸಹಿ ಮಾಡಿದ್ದೀರಿ ಎಂದು ಉತ್ತರ ಬಂತು. ಖರೆ, ಹೆಮ್ಮೆಯಿಂದಲೇ ಸಹಿ ಮಾಡಿದ್ದಳು.

ಮಾರನೆಯ ದಿನವೇ ಇಳಕಲ್ಲಿಗೆ ಹೋದಳು. ಮುನಾಫ ಹಾಸಿಗೆಯಲ್ಲಿ ಕೂತು ಕೆಮ್ಮುತ್ತಿದ್ದ. ಆ ಪುಟಕ್ಕೆ ಅವನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಹೆಂಡತಿ ಶಹರಬಾನು ಅದನ್ನು ಮೊಳೆಯಿಂದ ಇಳಿಸಿ, "ಇದನ್ನ ಒಯ್ರಿ," ಎಂದು ಶೀಲಾಳ ಕೈಗೆ ಕೊಟ್ಟಳು. ಬೈದಿದ್ದರೂ ವಾಸಿಯಿತ್ತು.

ಓಣಿಯಲ್ಲಿ ಬಸಯ್ಯ ಎದುರಾದ. ಹುಬ್ಬಿನ ತನಕ ಕೆಂಪು ಧೂಳು. ಶೀಲಾಳನ್ನು ಕಂಡವನೇ ಎರಡೂ ಕೈ ಮುಗಿದ.

"ಹೆಸರ ಬಿಟ್ರಿ ಅಂತ ನಿಮಗ ಭಾಳ ಬೈದಿದ್ನಿರಿ, ತಪ್ಪಾತು. ಆ ದೇವರು ಬಸವಣ್ಣನೇ ಅದನ್ನ ನಿಮ್ಮ ಕಡಿಂದ ಬಿಡಿಸ್ಯಾನ್ರಿ. ಹಳೇ ಮಂದ್ಯಾಗ ಉಳಿದಾಂವ ನಾ ಒಬ್ಬನ. ಈಗ ಎರಡೂ ಪಾಳಿ ನನಗ ಕೊಟ್ಟಾರ."

ಇಪ್ಪತ್ಮೂರು ಎಕ್ಸ್‌ರೇಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಅವನದೇ ಆಗಿತ್ತು.