ಸುರಂಗದೊಳಗೆ ಯಾರೂ ಇಲ್ಲ

ಹುಲಿಕಲ್ ಘಾಟಿಯ ಮೇಲ್ಗಡೆ, ವಿದ್ಯುತ್ ಯೋಜನೆಗಾಗಿ ಗುಡ್ಡ ಕೊರೆಯುತ್ತಿದ್ದ ಕಾಲದಲ್ಲಿ ನಾನು ಸುರಂಗದ ಬಾಯಿಯ ಪಕ್ಕದ ಕಂಟೇನರ್ ಕೋಣೆಯಲ್ಲಿ ಕೂರುತ್ತಿದ್ದೆ. ಸಾಗರದಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ ಅದು. ಈಗ ಆ ಸುರಂಗದಲ್ಲಿ ನೀರು ಹರಿಯುತ್ತಿದೆ. ಅದರೊಳಗೆ ನಾನು ನಡೆದದ್ದು ಒಂದೇ ಸಲ.

ಸುರಂಗದ ಅಗಲ ಒಂದೇ ಗಾಡಿಯಷ್ಟು. ಕಲ್ಲು ತುಂಬಿದ ಟಿಪ್ಪರ್ ಹೊರಗೆ ಬರುವಾಗ ಖಾಲಿ ಟಿಪ್ಪರ್ ಪಕ್ಕಕ್ಕೆ ಸರಿದು ನಿಲ್ಲಲು ಗೋಡೆಯಲ್ಲಿ ಐದು ಕಡೆ ಗೂಡು ಕೊರೆದಿದ್ದರು. ಯಾವ ಗಾಡಿ ಯಾವ ಗೂಡಿನಲ್ಲಿ ಎಷ್ಟು ಹೊತ್ತು ಕಾಯಬೇಕೆಂದು ಸಾಫ್ಟ್‌ವೇರ್ ಆಗಿಂದಾಗಲೇ ತೀರ್ಮಾನಿಸಿ ಡ್ರೈವರುಗಳ ಟ್ಯಾಬ್‌ಗೆ ಕಳಿಸುತ್ತಿತ್ತು. ಗಾಡಿಗಳೆಲ್ಲ ನನ್ನ ಪರದೆಯಲ್ಲಿ ಹಸಿರು ಚುಕ್ಕೆಗಳು. ಒಳಗೆ ಹೋಗುವ ಎಲ್ಲರ ಹೆಲ್ಮೆಟ್ಟಿನ ತಲೆದೀಪದಲ್ಲೂ ಒಂದೊಂದು ಚಿಪ್ ಇತ್ತು. ಒಳಗೆ ಎಷ್ಟು ಜನ ಇದ್ದಾರೆಂದು ಪರದೆಯ ಮೂಲೆಯಲ್ಲಿ ಬರುತ್ತಿತ್ತು.

ಸಾಫ್ಟ್‌ವೇರ್ ಬರುವುದಕ್ಕೆ ಮುಂಚೆ ಇಷ್ಟನ್ನೂ ಹುಲಿಯಪ್ಪಣ್ಣ ಒಬ್ಬರೇ ಮಾಡುತ್ತಿದ್ದರು. ನಗರ ಎಂಬ ಊರಿನವರು, ಅರವತ್ತರ ಹತ್ತಿರ. ಸುರಂಗದ ಬಾಯಲ್ಲಿ ಒಂದು ಬೆಂಚು, ಒಂದು ಫೋನು. ಒಳಗೆ ಹೋಗುವ ಪ್ರತಿಯೊಬ್ಬನೂ ತನ್ನ ಬುತ್ತಿಯನ್ನು ಆ ಬೆಂಚಿನ ಮೇಲೆ ಇಡಬೇಕು. ಹೊರಗೆ ಬಂದವನು ತೆಗೆದುಕೊಳ್ಳಬೇಕು. ಬೆಂಚು ಖಾಲಿಯಾದರೆ ಸುರಂಗ ಖಾಲಿ. ನಾನು ಬಂದ ಮೇಲೂ ಡ್ರೈವರುಗಳು ಈ ಪದ್ಧತಿ ಬಿಟ್ಟಿರಲಿಲ್ಲ. ಮ್ಯಾನೇಜರ್ ಅಭಿಷೇಕ್ ಸರ್ ಬೆಂಚನ್ನು ಇನ್ನೊಂದು ತಿಂಗಳು ಇಟ್ಟು ನೋಡೋಣ, ಪರದೆ ಸಾಕಾಗುತ್ತದೆ ಅನ್ನಿಸಿದರೆ ತೆಗೆದುಬಿಡೋಣ ಎಂದಿದ್ದರು. ಹುಲಿಯಪ್ಪಣ್ಣನಿಗೂ ಅದು ಗೊತ್ತಿತ್ತು. ಆ ವಿಷಯ ನಾವು ಯಾವತ್ತೂ ಮಾತಾಡಲಿಲ್ಲ. ನನ್ನ ಕೋಣೆಯ ಬಾಗಿಲು ತೆರೆದಿರುತ್ತಿತ್ತು, ಅವರ ಬೆನ್ನು ಕಾಣುತ್ತಿತ್ತು. ದಿನಕ್ಕೆ ನಾಲ್ಕು ಮಾತು ಆದರೆ ಹೆಚ್ಚು. ಒಬ್ಬರ ಹತ್ತಿರ ಸುಮ್ಮನೆ ಕೂತಿರುವ ಸುಖ ನನಗೆ ಆಮೇಲೆ ಎಲ್ಲೂ ಸಿಗಲಿಲ್ಲ.

ಆ ದಿನ ಮಧ್ಯಾಹ್ನ ಒಂದು ಗಂಟೆಗೆ ಬಂಡೆ ಸಿಡಿಸುವುದಿತ್ತು. ಮದ್ದು ತುಂಬಿ ಎಲ್ಲರೂ ಹೊರಗೆ ಬಂದರು, ಬುತ್ತಿ ಎತ್ತಿಕೊಂಡು ಊಟಕ್ಕೆ ಹೋದರು. ಪರದೆಯಲ್ಲಿ ಸೊನ್ನೆ ಬಂತು. 'ಒಳಗೆ ಯಾರೂ ಇಲ್ಲ' ಎಂಬ ಗುಂಡಿ ನಾನು ಒತ್ತಿದರೆ ಮದ್ದಿನ ಕೆಲಸದ ಮಾಸ್ತಪ್ಪ ಸಿಡಿಸುತ್ತಾನೆ. ಬೆರಳು ಇಡುವಷ್ಟರಲ್ಲಿ ಹುಲಿಯಪ್ಪಣ್ಣ ಬಾಗಿಲಿಗೆ ಬಂದರು.

"ದುರ್ಗೇಶನ ಬುತ್ತಿ ಇಲ್ಲೇ ಐತೆ. ಅವ ಒಳಗೇ ಇದಾನೆ."

ದುರ್ಗೇಶನ ಏಳನೇ ನಂಬರ್ ಗಾಡಿ ಮೂರನೇ ಗೂಡಿನಲ್ಲಿ ನಿಂತಿತ್ತು. ಅವನ ತಲೆದೀಪ ಹನ್ನೆರಡೂಕಾಲಕ್ಕೆ, ಸೂಪರ್‌ವೈಸರ್ ತೀರ್ಥೇಶಣ್ಣನ ಜೀಪಿನ ಜೊತೆ ಹೊರಗೆ ಹೋಗಿದೆ ಎಂದು ಪರದೆ ಹೇಳುತ್ತಿತ್ತು. ಆದರೆ ಚಾರ್ಜ್ ಮುಗಿದ ದೀಪಗಳನ್ನು ತೀರ್ಥೇಶಣ್ಣ ಅದೇ ಜೀಪಿನಲ್ಲಿ ಹೊರಗೆ ತರುವುದೂ ಇತ್ತು. ಹಿಂದಿನ ವಾರ ಹೀಗೆ ಎರಡು ಸಲ ದೀಪ ಹೊರಗೆ, ಮನುಷ್ಯ ಒಳಗೆ ಆಗಿತ್ತು. ಜೀಪು ನಿಲ್ಲದೆ ಹೋಯಿತು, ಹಿಂದಿನ ಸೀಟು ಕಾಣಲಿಲ್ಲ ಎಂದರು ಹುಲಿಯಪ್ಪಣ್ಣ. ತೀರ್ಥೇಶಣ್ಣನಿಗೆ ಫೋನ್ ಮಾಡಿದೆ. ಕಾಡಿನ ದಾರಿ, ನೆಟ್‌ವರ್ಕ್ ಇಲ್ಲ.

ಅಭಿಷೇಕ್ ಸರ್ ಫೋನ್ ಮಾಡಿ, ಸಿಸ್ಟಮ್ ಏನು ತೋರಿಸುತ್ತಿದೆ ಎಂದು ಕೇಳಿದರು. ಸೊನ್ನೆ ಎಂದೆ. ಮತ್ತೇಕೆ ತಡ ಎಂದರು. ಹುಲಿಯಪ್ಪಣ್ಣ ಹೇಳುತ್ತಿದ್ದಾರೆ ಎಂದೆ. ನಿನ್ನ ಜವಾಬ್ದಾರಿ ಎಂದು ಫೋನ್ ಇಟ್ಟುಬಿಟ್ಟರು.

ಮಾಸ್ತಪ್ಪ ಸಿಡಿಸುವ ಕೀಲಿಯನ್ನು ಜೇಬಿಗೆ ಹಾಕಿಕೊಂಡ. "ಸುಟ್ಟ ಮೀನಿನ ವಾಸ್ನೆ ಬಂದ್ರೆ ಅವನೇ ಎದ್ದು ಬರ್ತಾನೆ, ಬುತ್ತಿ ಬಿಚ್ಚಿಡಿ ಹುಲಿಯಣ್ಣ" ಎಂದ.

"ನೀವೂ ಬನ್ನಿ ಮೇಡಮ್ಮ, ಎರಡು ಕಣ್ಣಿಗಿಂತ ನಾಕು ಲೇಸು" ಎಂದು ಹುಲಿಯಪ್ಪಣ್ಣ ಹೊರಟರು. ಕರೆದರೆ ಕೇಳಬೇಕೆಂದು ಸುರಂಗಕ್ಕೆ ಗಾಳಿ ಊದುವ ಫ್ಯಾನನ್ನು ಇಪ್ಪತ್ತು ನಿಮಿಷ ನಿಲ್ಲಿಸಲು ಮಾಸ್ತಪ್ಪನಿಗೆ ಹೇಳಿದರು.

ಫ್ಯಾನ್ ನಿಂತಾಗ ಗುಡ್ಡವೇ ಉಸಿರು ಹಿಡಿದ ಹಾಗಾಯಿತು. ಪರದೆಯಲ್ಲಿ ನೇರ ಗೆರೆಯಾಗಿದ್ದದ್ದು ಒಳಗೆ ಸಣ್ಣಗೆ ಬಾಗುತ್ತಿತ್ತು. ಗೋಡೆಯಿಂದ ನೀರು ಜಿನುಗುತ್ತಿತ್ತು; ಡೀಸೆಲ್ ವಾಸನೆಯ ಕೆಳಗೆ ಹಸಿ ಕಲ್ಲಿನ ವಾಸನೆ. ಮೊದಲ ಗೂಡಿನಲ್ಲಿ ಹುಲಿಯಪ್ಪಣ್ಣ ನಿಂತು "ದುರ್ಗೇಶಾ" ಎಂದು ಕರೆದರು. ಕೂಗಲಿಲ್ಲ, ಮನೆಯಲ್ಲಿ ಊಟಕ್ಕೆ ಕರೆದಷ್ಟೇ ದನಿ. ದನಿ ಒಳಗೆ ದೂರ ಹೋಗಿ ಆರಿತು. ಅದು ಪೂರ್ತಿ ಆರುವವರೆಗೆ ಕಾದು ಮುಂದಿನ ಗೂಡಿಗೆ ನಡೆದರು. ಮೂರನೆಯದರಲ್ಲಿ ಟಿಪ್ಪರಿನ ಬಾಗಿಲು ತೆಗೆದು ನೋಡಿದರು, ಸೀಟಿನ ಮೇಲೆ ಕೈಯಾಡಿಸಿದರು. ಗಾಡಿಯಡಿ ನಾನು ಬಗ್ಗಿ ಟಾರ್ಚ್ ಬಿಟ್ಟೆ. ಐದನೆಯ ಗೂಡಿನಲ್ಲಿ ಕರೆದ ಮೇಲೆ ಅವರು ತುಂಬಾ ಹೊತ್ತು ನಿಂತರು. ಫ್ಯಾನ್ ಮತ್ತೆ ಶುರುವಾಯಿತು.

"ಇಲ್ಲ. ಇಲ್ದೇ ಇದ್ದಿದ್ದೇ ಒಳ್ಳೇದಾತು" ಎಂದರು.

ವಾಪಸ್ ಬರುವಾಗ ಅವರ ಹೆಜ್ಜೆ ನಿಧಾನವಾಗಿತ್ತು. ಹೊರಗೆ ತೀರ್ಥೇಶಣ್ಣ ಸಿಕ್ಕಿದರು. ದುರ್ಗೇಶನ ಅಪ್ಪ ಬೆಳಿಗ್ಗೆ ತೀರಿಕೊಂಡಿದ್ದರಂತೆ. ಸುದ್ದಿ ತಿಳಿದು ಅವನನ್ನು ಹಾಗೇ ಜೀಪಿನಲ್ಲಿ ಕೂರಿಸಿ ಹೊಸನಗರದಲ್ಲಿ ಬಸ್ಸು ಹತ್ತಿಸಿ ಬಂದಿದ್ದರು.

"ಬುತ್ತಿ ತಗಳ್ತೀಯನ, ಜೀಪ್ ನಿಲ್ಸಲಾ ಅಂತ ಕೇಳ್ದೆ. ಸಾವಿನ ಮನೆಗೆ ಅನ್ನ ಕಟ್ಕಂಡ್ ಹೋಗದಾ ಅಂದ."

ಹುಲಿಯಪ್ಪಣ್ಣ ತಲೆಯಾಡಿಸಿದರು. ಅವರಿಗೂ ಅದು ಗೊತ್ತಿದ್ದ ಪದ್ಧತಿಯೇ. ಬುತ್ತಿ ಉಳಿಯುವುದಕ್ಕೆ ಅಂಥ ಕಾರಣವೂ ಇರಬಹುದೆಂದು ಹೊಳೆದಿರಲಿಲ್ಲ, ಅಷ್ಟೆ.

ಬಂಡೆ ಸಿಡಿದಾಗ ಎರಡೂ ಮುಕ್ಕಾಲು. ತಡಕ್ಕೆ ಕಾರಣ ಬರೆದು ಕಳಿಸಬೇಕಿತ್ತು. ನಾನು ಕೀಬೋರ್ಡಿನ ಮುಂದೆ ಕೂತೇ ಇದ್ದೆ. ಹುಲಿಯಪ್ಪಣ್ಣ ಬಾಗಿಲಲ್ಲಿ ನಿಂತು, "ನನ್ನ ಹೆಸ್ರೇ ಬರೀರಿ. ನಾನು ಹೇಳ್ದೆ, ತಪ್ಪಾತು ಅಂತ. ನಿಮ್ಮದು ಹಾಕ್ಬೇಡಿ" ಎಂದರು. ಇಬ್ಬರ ಹೆಸರನ್ನೂ ಬರೆದೆ. ನನಗೆ ಒಂದು ನೋಟಿಸ್ ಬಂತು. ವಾರದೊಳಗೆ ಬೆಂಚು ತೆಗೆದರು, ಹುಲಿಯಪ್ಪಣ್ಣ ತಮ್ಮೂರು ನಗರಕ್ಕೆ ಹೋದರು. ಡ್ರೈವರುಗಳು ಬುತ್ತಿಯನ್ನು ಗಾಡಿಯಲ್ಲೇ ಇಟ್ಟುಕೊಳ್ಳತೊಡಗಿದರು.

ತಿಥಿ ಮುಗಿಸಿ ದುರ್ಗೇಶ ಬಂದ. ತಲೆ ಬೋಳಿಸಿದ್ದ. ಟ್ಯಾಬ್ ತೆಗೆದುಕೊಂಡು ಹೋಗದೆ ನನ್ನ ಮೇಜಿನ ಹತ್ತಿರ ನಿಂತ.

"ನನ್ನ ಹುಡುಕಕ್ಕೆ ಒಳಗೆ ಹೋಗಿದ್ರಂತೆ."

ಹೌದು ಎಂದೆ.

"ಹೆಸ್ರು ಹಿಡಿದು ಕರೆದ್ರಾ ಹುಲಿಯಣ್ಣ?"

ಐದು ಗೂಡಿನಲ್ಲೂ ಕರೆದರು, ಪ್ರತಿ ಸಲವೂ ನಿಂತು ಕಾದರು ಎಂದೆ.

ಅವನು ಸ್ವಲ್ಪ ಹೊತ್ತು ಸುರಂಗದ ಕಡೆ ನೋಡಿದ. ನಗರಕ್ಕೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ. ಹತ್ತೂವರೆಗೆ ಒಂದಿದೆ ಎಂದೆ. ಟ್ಯಾಬನ್ನು ನನ್ನ ಮೇಜಿನ ಮೇಲೆ ಇಟ್ಟು ರಸ್ತೆಗೆ ಇಳಿದ.

ಏಳನೇ ಗಾಡಿಗೆ ಚಾಲಕನಿಲ್ಲ ಎಂದು ಒತ್ತಿದೆ. ಸಾಫ್ಟ್‌ವೇರ್ ಕಾರಣ ಕೇಳಿತು. ಅದರ ಪಟ್ಟಿಯಲ್ಲಿ ಮೂರೇ ಇದ್ದವು: ಅನಾರೋಗ್ಯ, ರಜೆ, ಗೈರುಹಾಜರಿ. ನಾನು ರಜೆ ಎಂದು ಆರಿಸಿದೆ. ಉಳಿದ ಚುಕ್ಕೆಗಳು ತಮ್ಮ ಸರದಿ ಬದಲಿಸಿಕೊಂಡು ಒಳಗೆ ಹೊರಟವು.