ಹನ್ನೆರಡು ವಾರಗಳ ವರ್ಷ

ಮಕ್ಕಳು ಏನು ಓದುತ್ತಿದ್ದಾರೆಂದು ನೆಂಟರು ಕೇಳಿದಾಗ ಕೋರ್ಸಿನ ಉದ್ದನೆಯ ಹೆಸರನ್ನು ಎದೆಯುಬ್ಬಿಸಿ ಒಪ್ಪಿಸುವ ನೀವು, ಆ ಹೆಸರಿನ ಅಡಿಯಲ್ಲಿ ಅವರಿಗೆ ಏನನ್ನು ಕಲಿಸಲಾಗುತ್ತಿದೆಯೆಂದು ಒಂದು ದಿನವಾದರೂ ವಿಚಾರಿಸಿದ್ದೀರಾ?

ಈ ಕಥೆಯ ಹುಡುಗಿಯ ಮನೆಯವರೂ ವಿಚಾರಿಸಿರಲಿಲ್ಲ. ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್ ಮತ್ತು ವ್ಯವಹಾರ ತಂತ್ರ ಎಂಬ ಸ್ನಾತಕೋತ್ತರ ಪದವಿಯ ಕೊನೆಯ ಸೆಮಿಸ್ಟರಿನಲ್ಲಿ ಅವಳಿದ್ದಳು. ಸರಕು ಎಲ್ಲಿಂದ ಎಲ್ಲಿಗೆ, ಎಷ್ಟು ಬೇಗ, ಎಷ್ಟು ಕಡಿಮೆ ಜಾಗದಲ್ಲಿ ಸಾಗಬೇಕೆಂದು ಅವಳಿಗೆ ಬೋಧಿಸುತ್ತಿದ್ದ ಪ್ರಾಧ್ಯಾಪಕರು ಇಪ್ಪತ್ತೆರಡು ವರ್ಷಗಳಿಂದ ಹಲಗೆಯ ಮೇಲೆ ಬಾಣದ ಗುರುತುಗಳನ್ನೇ ಬರೆಯುತ್ತ ಬಂದವರು. ಆ ಬಾಣಗಳ ತುದಿಯಲ್ಲಿರುವ ಪೆಟ್ಟಿಗೆಯೊಂದನ್ನು ಅವರು ಜನ್ಮದಲ್ಲಿ ಎತ್ತಿದವರಲ್ಲ. ಆದರೂ ಎತ್ತುವವರಿಗೆ ಬುದ್ಧಿ ಹೇಳುವ ವಿಷಯದಲ್ಲಿ ಅವರ ನಾಲಿಗೆ ಎಂದೂ ತಡವರಿಸಿದ್ದಿಲ್ಲ.

ಪದವಿಗಾಗಿ ಅವಳಿದ್ದ ನಾಲ್ವರ ತಂಡ ಯಾವುದಾದರೂ ಉಗ್ರಾಣವನ್ನು ಅಭ್ಯಸಿಸಿ, ಸುಧಾರಣೆಯ ವರದಿ ಕೊಡಬೇಕಿತ್ತು. ಹುಡುಗಿಯ ಚಿಕ್ಕಮ್ಮ ದೊಡ್ಡಾಸ್ಪತ್ರೆಯ ಸ್ಟೋರ್ ಕೀಪರ್ ಆಗಿದ್ದುದರಿಂದ ಆ ತಂಡಕ್ಕೆ ನೆಲಮಾಳಿಗೆಯ ಬಾಗಿಲು ಸಲೀಸಾಗಿ ತೆರೆಯಿತು. ರಟ್ಟು, ಸ್ಪಿರಿಟ್ಟುಗಳ ವಾಸನೆಯ ನಡುವೆ ಸಾಲುಸಾಲು ಕಬ್ಬಿಣದ ರ‍್ಯಾಕುಗಳು. ತಂಡದವರು ಎರಡು ಸಲ ಬಂದು, ಫೋಟೊ ತೆಗೆದು, ಬಾರ್‌ಕೋಡ್ ಓದಿಸಿ, ಕಂಪ್ಯೂಟರಿನಿಂದ ಹನ್ನೆರಡು ವಾರಗಳ ಪಟ್ಟಿ ಇಳಿಸಿಕೊಂಡು ಹೋದರು. ಹನ್ನೆರಡೇ ಏಕೆಂದರೆ, ಸೆಮಿಸ್ಟರು ಇರುವುದು ಹನ್ನೆರಡು ವಾರ. ಬೇರೆ ಕಾರಣವೇನೂ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಅವಧಿಯಲ್ಲಿ ಕದಲದ ನಲವತ್ತೊಂದು ವಸ್ತುಗಳಿಗೆ 'ಸತ್ತ ದಾಸ್ತಾನು' ಎಂದು ಹಣೆಪಟ್ಟಿ ಹಚ್ಚಿ, ಅವನ್ನೆಲ್ಲ ತೆರವು ಮಾಡಿ, ಮುಂದೆ ಬೇಕಾದಾಗ ಮಾತ್ರ ತರಿಸಬೇಕೆಂದು ವರದಿ ಬರೆದರು.

ಸಲ್ಲಿಸುವ ಹಿಂದಿನ ದಿನ ಮಧ್ಯಾಹ್ನ ಹುಡುಗಿ ಅದನ್ನು ಚಿಕ್ಕಮ್ಮನಿಗೆ ಹೆಮ್ಮೆಯಿಂದ ತೋರಿಸಿದಳು. ಚಿಕ್ಕಮ್ಮ ಕನ್ನಡಕ ಏರಿಸಿ, ಪುಟ ತಿರುವಿ, ಹದಿನೇಳನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಎಳೆಗೂಸುಗಳ ಉಸಿರಾಟದ ಮಾಸ್ಕ್. ಸತ್ತ ದಾಸ್ತಾನು. ಯಾರೇ ಇದನ್ನ ಸಾಯಿಸಿದ್ದು?"

"ಹನ್ನೆರಡು ವಾರದಲ್ಲಿ ಒಂದೂ ಹೋಗಿಲ್ಲ ಚಿಕ್ಕಮ್ಮ."

"ಯಾವ ಹನ್ನೆರಡು ವಾರ?"

"ನಮ್ಮ ಈ ಬೇಸಿಗೆ ಸೆಮಿಸ್ಟರಿನದು."

"ಸುಡು ಬೇಸಿಗೆಯಲ್ಲಿ ಯಾರೂ ಕೇಳಲಿಲ್ಲ ಅಂತ ನಿಮ್ಮಮ್ಮ ಮನೆ ಕಂಬಳಿಯನ್ನೆಲ್ಲ ಬೀದಿಗೆ ಹಾಕ್ತಾಳೇನೇ?"

ಹುಡುಗಿ ನಗಲು ಹೋದಳು. ಚಿಕ್ಕಮ್ಮ ನಗಲಿಲ್ಲ. ಅವಳನ್ನು ರ‍್ಯಾಕಿನ ಬಳಿಗೆ ಕರೆದೊಯ್ದು, ಅಂಚಿನಲ್ಲಿ ಸೀಮೆಸುಣ್ಣದಿಂದ ಬರೆದ ತಿಂಗಳ ಹೆಸರುಗಳನ್ನು ತೋರಿಸಿದಳು. ಯಾವ ವಸ್ತು ಯಾವ ತಿಂಗಳಲ್ಲಿ ಪೂರ್ತಿ ಖಾಲಿಯಾಯಿತೆಂದು ವರ್ಷವರ್ಷವೂ ಬರೆದಿಡುವುದು ಅವಳ ಪದ್ಧತಿ.

"ಹೋದ ಚಳಿಗಾಲ ಒಂದೇ ಬೆಳಗ್ಗೆ ಹನ್ನೊಂದು ಕೂಸು ಉಸಿರಾಡೋಕಾಗದೆ ಬಂದವು. ಬೇಕಾದಾಗ ತರಿಸೋಣ ಅಂದ್ರೆ ಲಾರಿಗೆ ಎರಡು ದಿನ. ಎರಡು ದಿನ ಉಸಿರು ಬಿಗಿಹಿಡ್ಕೊಂಡಿರು ಅಂತ ಕೂಸಿಗೆ ನಿಮ್ಮ ಮೇಷ್ಟ್ರು ಬಂದು ಹೇಳ್ತಾರಾ?"

ಫೋಟೊದಲ್ಲಿ ಆ ಸೀಮೆಸುಣ್ಣದ ಅಕ್ಷರಗಳು ಸ್ಪಷ್ಟವಾಗಿಯೇ ಮೂಡಿದ್ದವು. ಬಾರ್‌ಕೋಡ್ ಓದಲು ಬಂದ ನಾಲ್ವರು ಪದವೀಧರರಲ್ಲಿ ಒಬ್ಬರಿಗೂ ಅಕ್ಷರ ಓದಬೇಕೆನಿಸಿರಲಿಲ್ಲ. ಹುಡುಗಿ ಅಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಇಡೀ ವರ್ಷದ ಪಟ್ಟಿಯನ್ನು ಇಳಿಸಿಕೊಂಡಳು. ಎರಡು ನಿಮಿಷವೂ ಹಿಡಿಯಲಿಲ್ಲ. ನಲವತ್ತೊಂದು ಸತ್ತ ವಸ್ತುಗಳಲ್ಲಿ ಮೂವತ್ತೈದು ಎದ್ದು ಕುಳಿತವು.

ಮರುದಿನ ಬೆಳಗ್ಗೆ ಪ್ರಾಧ್ಯಾಪಕರ ಕೋಣೆಯಲ್ಲಿ ಅವಳು ಹೊಸ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಸ್ಲೈಡು ಮಾಡುವುದರಲ್ಲಿ ಎತ್ತಿದ ಕೈಯಾದ್ದರಿಂದ ಸ್ಲೈಡಪ್ಪನೆಂದೇ ಹೆಸರಾದ ತಂಡದ ನಾಯಕನೂ ಅಲ್ಲಿದ್ದ.

"ಒಂದು ಮಾಸ್ಕಿಗೋಸ್ಕರ ಮೂವತ್ತೆರಡು ಸ್ಲೈಡು ತಿದ್ದಬೇಕಾ? ನಿಮ್ಮ ಚಿಕ್ಕಮ್ಮನಿಗೆ ಹೇಳೇ, ಚಳಿಗಾಲವನ್ನೇ ಸ್ವಲ್ಪ ಮುಂದೂಡಲಿ," ಎಂದ ಅವನು.

ಪ್ರಾಧ್ಯಾಪಕರು ಪಟ್ಟಿಯ ಕಡೆಗೆ ಕಣ್ಣು ಹಾಯಿಸಲಿಲ್ಲ. "ನೋಡಮ್ಮ, ಎಕ್ಸೆಪ್ಷನ್ನುಗಳಿಗೆಲ್ಲ ಯಾರೂ ಸ್ಟ್ರಾಟಜಿ ಬರೆಯೋದಿಲ್ಲ."

"ಚಳಿಗಾಲ ಎಕ್ಸೆಪ್ಷನ್ ಅಲ್ಲ ಸರ್. ಪ್ರತಿ ವರ್ಷ ಬರತ್ತೆ."

"ನಮ್ಮ ಸ್ಕೋಪಿನಲ್ಲಿ ಬರೋದಿಲ್ಲ."

ಆ ವರದಿಯ ಕರಡನ್ನೇ ಮಾದರಿಯೆಂದು ಆಸ್ಪತ್ರೆಯ ನಿರ್ದೇಶಕರಿಗೆ ಅವರು ಆಗಲೇ ಹೊಗಳಿಯಾಗಿತ್ತು. ಸಹಿ ಹಾಕದವರಿಗೆ ಅಂಕವಿಲ್ಲವೆಂದು ತಣ್ಣಗೆ ತಿಳಿಸಿದರು. ಅಂಕವಿಲ್ಲದಿದ್ದರೆ ಈ ವರ್ಷ ಪದವಿಯಿಲ್ಲ. ಪದವಿಯಿಲ್ಲದಿದ್ದರೆ ಕೈಗೆ ಬಂದಿದ್ದ ಕೆಲಸವೂ ಇಲ್ಲ. ಹುಡುಗಿ ಪೆನ್ನು ಹಿಡಿದು ನಿಂತಳು. ಹನ್ನೊಂದು ಕೂಸುಗಳನ್ನು ಅವಳು ಕಂಡವಳಲ್ಲ. ಆದರೆ ತೆರವಾಗಲಿರುವ ಆ ರ‍್ಯಾಕಿನ ಮುಂದೆ ಬರಿಗೈಯಲ್ಲಿ ನಿಂತ ಚಿಕ್ಕಮ್ಮ ಕಣ್ಣಿಗೆ ಕಟ್ಟಿದಂತಾಯಿತು. ಪೆನ್ನನ್ನು ಮೇಜಿನ ಮೇಲಿಟ್ಟಳು.

"ನಿನ್ನ ಹೆಸರು ತೆಗೆದುಹಾಕ್ತೀನಿ," ಎಂದರು ಪ್ರಾಧ್ಯಾಪಕರು.

"ತೆಗೀರಿ ಸರ್. ಅದು ಅಲ್ಲಿರೋಕೆ ನನಗೂ ನಾಚಿಕೆ."

ವರದಿ ಮೂರು ಸಹಿಗಳೊಂದಿಗೆ, ಹೊಳೆಯುವ ರಕ್ಷಾಪುಟ ತೊಟ್ಟು ಆಸ್ಪತ್ರೆಗೆ ಹೋಯಿತು. ಹುಡುಗಿಯೂ ವರ್ಷದ ಪಟ್ಟಿಯನ್ನು ಒಂದು ಪುಟಕ್ಕಿಳಿಸಿ, ಕೆಳಗೆ ತನ್ನ ಸಹಿ ಹಾಕಿ, ಅಲ್ಲಿನ ಗುಮಾಸ್ತರ ಮುಂದೆ ಹಿಡಿದಳು.

"ಶುಕ್ರವಾರ ಈ ವರದಿ ಮೇಲೆ ಸಮಿತಿ ಕೂರತ್ತೆ ಕಣಮ್ಮ. ಆದರೆ ಅವರೆಲ್ಲಿ ಓದ್ತಾರೆ? ನೇರ ಕೊನೇ ಪುಟಕ್ಕೆ ಬಂದು ಸಹಿ ಗೀಚಿ ಏಳ್ತಾರೆ," ಎಂದರು ಅವರು.

"ಹಾಗಾದರೆ ಇದನ್ನೇ ಕೊನೇ ಪುಟ ಮಾಡಿಬಿಡಿ."

ಗುಮಾಸ್ತರು ಆ ಹಾಳೆಯನ್ನು ವರದಿಯ ಕೊನೆಗೆ ಸೇರಿಸಿ ಪಿನ್ನು ಹೊಡೆದರು.

ಇಂದು ಬುಧವಾರ. ಹುಡುಗಿಗೆ ಈ ವರ್ಷ ಪದವಿ ದಕ್ಕುವುದಿಲ್ಲ, ಅದು ನಿರ್ಧಾರವಾಗಿಹೋಗಿದೆ. ಮಾಸ್ಕುಗಳು ಇನ್ನೂ ರ‍್ಯಾಕಿನಲ್ಲಿವೆ. ಇಂಥ ಸಮಿತಿಗಳಲ್ಲಿ ಕೂರುವವರು ಆಕಾಶದಿಂದ ಇಳಿದು ಬಂದವರಲ್ಲ, ನಿಮ್ಮಂಥ ಓದು ಬಲ್ಲವರೇ. ಆ ಕಡತ ನಿಮ್ಮ ಮುಂದೆ ಬಂದರೆ, ದಯವಿಟ್ಟು ಪೆನ್ನಿನ ಮುಚ್ಚಳ ತೆಗೆಯುವ ಮೊದಲು ಆ ಕೊನೆಯ ಪುಟವನ್ನು ಓದಿ. ಉಗ್ರಾಣದ ಹೆಂಗಸನ್ನು ಒಳಗೆ ಕರೆಸಿ, ಕುರ್ಚಿ ಕೊಟ್ಟು, ಅವಳು ಹೇಳುವುದನ್ನು ಕೊನೆಯವರೆಗೂ ಕೇಳಿ.